ಕರೆಂಟ್ ಹೋದಾಗ ಉಳಿಸಬೇಕಾದದ್ದು ಫಿಲ್ಟರಿನೊಳಗಿನ ಜೀವವನ್ನು

ಮಾನ್ಯ ಸಂಪಾದಕರೇ,

ಮಳೆಗಾಲ ಬಲವಾದಂತೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂಬ ಪ್ರಕಟಣೆ ಹೆಚ್ಚುಕಡಿಮೆ ದಿನವೂ ಬರುತ್ತಿದೆ. ತಂತಿಯ ಮೇಲೆ ಬಾಗಿದ ಕೊಂಬೆ ಕಡಿಯಲು, ಪರಿವರ್ತಕ ಬದಲಿಸಲು, ಉಪಕೇಂದ್ರದ ನಿರ್ವಹಣೆ ಮಾಡಲು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ನಿಲ್ಲಿಸುವುದು ಅನಿವಾರ್ಯವೆಂಬುದು ಮಲೆನಾಡಿನವರಾದ ನಮಗೆ ಗೊತ್ತಿರುವ ಸಂಗತಿಯೇ. ಗಾಳಿಮಳೆಗೆ ಮರವೇ ಉರುಳಿ ಕಂಬಗಳು ಮುರಿದರೆ ರಾತ್ರಿಯಿಡೀ, ಕೆಲವೊಮ್ಮೆ ಮರುದಿನವೂ ಕತ್ತಲೆಯಲ್ಲಿಯೇ ಕಳೆಯಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಮನೆಯ ಅಕ್ವೇರಿಯಂನಲ್ಲಿ ನಡೆಯುವ, ಹೊರಗಿನಿಂದ ಕಾಣದ ಒಂದು ಹಾನಿಯ ಬಗ್ಗೆ ಓದುಗರ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಬಹಳಷ್ಟು ಮನೆಗಳಲ್ಲಿ ಮೀನುಗಳು ಕರೆಂಟ್ ಹೋದ ದಿನ ಹೇಗೋ ಬದುಕಿ ಉಳಿದು, ಅದು ಬಂದ ಎರಡು ಮೂರು ದಿನಗಳ ಮೇಲೆ ಒಂದೊಂದಾಗಿ ಸಾಯತೊಡಗುತ್ತವೆ. ಮನೆಯವರು ನೀರು ಕೆಟ್ಟಿತೆಂದೋ, ರೋಗ ಬಂತೆಂದೋ, ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲವೆಂದೋ ಭಾವಿಸುತ್ತಾರೆ. ನಿಜವಾದ ಕಾರಣ ಹೆಚ್ಚಿನ ಸಲ ಫಿಲ್ಟರಿನೊಳಗೆ ಇರುತ್ತದೆ.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಕಸ ಹಿಡಿಯುವುದು ಅದರ ಸಣ್ಣ ಕೆಲಸ. ಮೀನು ತನ್ನ ಕಿವಿರಿನ ಮೂಲಕ ಸದಾಕಾಲ ಅಮೋನಿಯವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರವೂ ಹಿಕ್ಕೆಯೂ ಕೊಳೆತಾಗ ಇನ್ನಷ್ಟು ಅಮೋನಿಯ ಸೇರುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ, ನಾಲ್ಕು ಗಾಜಿನ ನಡುವೆ ಹೋಗಲು ದಾರಿಯಿಲ್ಲ. ಫಿಲ್ಟರಿನ ಸ್ಪಂಜು ಮತ್ತು ಸೆರಾಮಿಕ್ ರಿಂಗ್‌ಗಳ ಮೇಲೆ ತೆಳುವಾದ ಲೋಳೆಯಂತೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದನ್ನು ಮೀನು ಸಾಕಷ್ಟು ಮಟ್ಟಿಗೆ ತಾಳಿಕೊಳ್ಳುತ್ತದೆ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಅದೂ ಹತೋಟಿಯಲ್ಲಿರುತ್ತದೆ. ಮಣ್ಣಿನಲ್ಲಿ ಈ ಕೆಲಸ ಮಾಡುವ ಜೀವಿಗಳನ್ನು ರಷ್ಯಾ ಮೂಲದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದರು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟನ್ನು ನೈಟ್ರೇಟ್ ಮಾಡುವ ಮುಖ್ಯ ಜೀವಿ, ಹಳೆಯ ಪುಸ್ತಕಗಳು ಹೇಳುವ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರ ಎಂಬುದು 1990ರ ದಶಕದ ಕೊನೆಗೆ ತಿಳಿದುಬಂತು. ಅಮೋನಿಯದಿಂದ ನೈಟ್ರೇಟ್‌ವರೆಗಿನ ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲದೆಂಬುದು 2015ರಲ್ಲಿ ಗೊತ್ತಾಯಿತು.

ಇವುಗಳ ಬಗ್ಗೆ ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಗಳು ಎರಡು. ಇವು ಬಹಳ ನಿಧಾನವಾಗಿ ಬೆಳೆಯುತ್ತವೆ. ಹಾಲು ಕೆಡಿಸುವಂಥ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ, ಇವುಗಳಿಗೆ ಅನುಕೂಲ ಸ್ಥಿತಿಯಲ್ಲೂ ಅರ್ಧ ದಿನದಿಂದ ಒಂದು ದಿನ ಬೇಕು; ಹೊಸ ಫಿಲ್ಟರ್ ಪಕ್ವವಾಗಲು ನಾಲ್ಕರಿಂದ ಆರು ವಾರ ಹಿಡಿಯುವುದು ಈ ಕಾರಣಕ್ಕೆ. ಮತ್ತೊಂದೆಂದರೆ ಇವುಗಳ ಆಮ್ಲಜನಕದ ಹಸಿವು. ಅಮೋನಿಯದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಆದರೆ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅತ್ಯಲ್ಪ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದರಲ್ಲೂ ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಹೀಗಿರುವಾಗ ಪಂಪು ನಿಂತ ಗಳಿಗೆಯಿಂದಲೇ ಫಿಲ್ಟರಿನೊಳಗೆ ಸಿಕ್ಕಿಕೊಂಡ ನೀರಿನ ಆಮ್ಲಜನಕ ಖರ್ಚಾಗುತ್ತಾ ಹೋಗುತ್ತದೆ.

ತೊಟ್ಟಿಯ ಹೊರಗಿಟ್ಟು ಕೊಳವೆಗಳಿಂದ ಜೋಡಿಸುವ, ಎಲ್ಲ ಕಡೆಯಿಂದ ಮುಚ್ಚಿರುವ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಈ ತೊಂದರೆ ಅತ್ಯಂತ ತೀವ್ರ. ಅದರೊಳಗೆ ನಮಗೆ ಬೇಕಾದ ಬ್ಯಾಕ್ಟೀರಿಯಾಗಳ ಜೊತೆಗೆ ಕೊಳೆಯನ್ನು ತಿಂದು ಬದುಕುವ ಬೇರೆ ಬ್ಯಾಕ್ಟೀರಿಯಾಗಳೂ ಹೇರಳವಾಗಿರುತ್ತವೆ, ಇದ್ದಬದ್ದ ಆಮ್ಲಜನಕವನ್ನು ಅವೇ ಮೊದಲು ಕಬಳಿಸುತ್ತವೆ. ಕೆಲವು ಗಂಟೆಗಳಲ್ಲಿ ಆಮ್ಲಜನಕ ಪೂರ್ತಿ ಮುಗಿದ ಮೇಲೆ, ಆಮ್ಲಜನಕವಿಲ್ಲದೆ ಬದುಕಬಲ್ಲ ಇನ್ನೊಂದು ಗುಂಪು ಕೊಳೆಯನ್ನು ಕೊಳೆಸಿ ಹೈಡ್ರೋಜನ್ ಸಲ್ಫೈಡ್ ಉಂಟುಮಾಡತೊಡಗುತ್ತದೆ. ರಾತ್ರಿಯಿಡೀ ನಿಂತಿದ್ದ ಇಂಥ ಒಂದು ಕ್ಯಾನಿಸ್ಟರನ್ನು ಪರಿಚಿತರ ಮನೆಯಲ್ಲಿ ತೆರೆದಾಗ ಹತ್ತಿರ ನಿಂತು ನೋಡಿದ್ದೇನೆ. ಕ್ಲಿಪ್ಪು ಸಡಿಲಿಸಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬಿತು. ಕೆಳಗಿನ ಬುಟ್ಟಿಯ ಸ್ಪಂಜು ಅಂಚಿನಲ್ಲಿ ಕಂದು ಬಣ್ಣದ್ದಾಗಿದ್ದರೂ ನಡುವೆ ಹಿಂಡಿದಾಗ ಕಪ್ಪು ನೀರು ಬಂತು. ಸೆರಾಮಿಕ್ ರಿಂಗ್‌ಗಳ ಮೇಲೆ ಬೆರಳಾಡಿಸಿದರೆ ಲೋಳೆ ಜಾರಿ ಕೈಗೇ ಬಂತು. ಆರೋಗ್ಯವಾಗಿರುವ ಫಿಲ್ಟರಿನ ಸ್ಪಂಜಿಗೆ ಮೊದಲ ಮಳೆ ಬಿದ್ದ ಮಣ್ಣಿನಂಥ ವಾಸನೆ ಇರುತ್ತದೆ. ಯಾವ ಉಪಕರಣವೂ ಇಲ್ಲದವರಿಗೆ ಫಿಲ್ಟರಿನ ಸ್ಥಿತಿ ತಿಳಿಯಲು ಮೂಗಿನಷ್ಟು ನಂಬಿಕೆಗೆ ಅರ್ಹವಾದದ್ದು ಬೇರೆ ಇಲ್ಲ.

ಆಮ್ಲಜನಕ ಮುಗಿದ ಕೂಡಲೇ ಬ್ಯಾಕ್ಟೀರಿಯಾಗಳೆಲ್ಲ ಸತ್ತೇಹೋಗುತ್ತವೆಂದು ಹೆದರಬೇಕಾಗಿಲ್ಲ. ಅವು ಕೆಲಸ ನಿಲ್ಲಿಸಿ, ಅಮೋನಿಯವಿದ್ದರೂ ಮುಟ್ಟದೆ, ಸಾಕಷ್ಟು ಹೊತ್ತು ತಡೆದುಕೊಳ್ಳಬಲ್ಲವು. ಅವುಗಳನ್ನು ಕೊಲ್ಲುವುದು ಕೊಳೆತ ಕೊಳೆಯೂ ಅದು ಹೊರಬಿಡುವ ವಿಷವೂ. ಆದ್ದರಿಂದ ಒಳಗೆ ಕೊಳೆ ತುಂಬಿದ ಫಿಲ್ಟರ್ ಬೇಗ ಹಾಳಾಗುತ್ತದೆ, ಹದವಾಗಿ ಶುಚಿಯಾಗಿಟ್ಟ ಫಿಲ್ಟರ್ ಹೆಚ್ಚು ಹೊತ್ತು ತಾಳುತ್ತದೆ. ಮತ್ತೆ ಗಾಳಿ ಸಿಕ್ಕಾಗಲೂ ಎರಡೂ ಗುಂಪುಗಳು ಒಟ್ಟಿಗೆ ಚೇತರಿಸಿಕೊಳ್ಳುವುದಿಲ್ಲ. ಅಮೋನಿಯ ತಿನ್ನುವವು ಬೇಗ ಎದ್ದು ಕೆಲಸಕ್ಕಿಳಿದರೆ, ನೈಟ್ರೈಟ್ ತಿನ್ನುವವು ತಡ ಮಾಡುತ್ತವೆ. ನಡುವಿನ ಈ ಅವಧಿಯಲ್ಲಿ ನೀರಿನಲ್ಲಿ ನೈಟ್ರೈಟ್ ಏರುತ್ತದೆ. ಕರೆಂಟ್ ಬಂದ ಎರಡು ಮೂರು ದಿನಗಳ ನಂತರ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುವುದಕ್ಕೆ ಮುಖ್ಯ ಕಾರಣ ಇದು. ನೈಟ್ರೈಟ್ ರಕ್ತಕ್ಕೆ ಸೇರಿ ಅದರ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುವುದರಿಂದ, ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಉಸಿರುಗಟ್ಟಿ ಒದ್ದಾಡುತ್ತದೆ.

ಹಾಗಾಗಿ ಕರೆಂಟ್ ಹೋದಾಗ ಮಾಡಬೇಕಾದುದೆಲ್ಲ ಒಂದೇ ಸೂತ್ರದ ಮೇಲೆ ನಿಂತಿದೆ: ಬ್ಯಾಕ್ಟೀರಿಯಾ ಅಂಟಿಕೊಂಡ ಸ್ಪಂಜು ಮತ್ತು ರಿಂಗ್‌ಗಳು ಒದ್ದೆಯಾಗಿಯೇ ಇರಬೇಕು, ಅವುಗಳಿಗೆ ಗಾಳಿ ತಾಗುತ್ತಿರಬೇಕು. ಕ್ಯಾನಿಸ್ಟರ್ ಇರುವವರು ಒಂದೆರಡು ಗಂಟೆಯೊಳಗೆ ಕರೆಂಟ್ ಬರುವ ಲಕ್ಷಣವಿಲ್ಲವೆಂದಾದರೆ ಅದರ ಮುಚ್ಚಳ ತೆರೆದು, ಸ್ಪಂಜು ಮತ್ತು ರಿಂಗ್‌ಗಳನ್ನು ಬಲೆಯ ಚೀಲದಲ್ಲಿ ಹಾಕಿ ತೊಟ್ಟಿಯ ನೀರಿನಲ್ಲಿಯೇ ಮೇಲ್ಭಾಗದಲ್ಲಿ ಇಳಿಬಿಡುವುದು ಒಳ್ಳೆಯದು. ಇಡೀ ರಾತ್ರಿಯ ಮಾತಾದರೆ ಅಗಲವಾದ ಬೇಸಿನ್ನಿನಲ್ಲಿ ರಿಂಗ್‌ಗಳನ್ನು ಹರಡಿ, ತಳ ಮುಳುಗುವಷ್ಟು ಮಾತ್ರ ತೊಟ್ಟಿಯ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಆಗಾಗ ತೊಟ್ಟಿಯ ನೀರನ್ನೇ ಎತ್ತಿ ಸುರಿಯುತ್ತಿರಬಹುದು. ನಿಂತ ನೀರಿನಲ್ಲಿ ಪೂರ್ತಿ ಮುಳುಗಿರುವುದಕ್ಕಿಂತ ತೇವದ ಗಾಳಿಗೆ ತೆರೆದಿರುವಾಗ ಅವುಗಳಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆಂಬುದು ಮೊದಲ ಸಲ ಕೇಳುವವರಿಗೆ ವಿಚಿತ್ರವೆನಿಸಿದರೂ ನಿಜ. ತೊಟ್ಟಿಯ ಮೇಲೆ ಪೆಟ್ಟಿಗೆಯಂತೆ ಕೂರುವ ಟಾಪ್ ಫಿಲ್ಟರ್ ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ಪಂಪು ನಿಂತಾಗ ನೀರು ತಾನಾಗಿ ಕೆಳಗಿಳಿದು ಸ್ಪಂಜು ತೇವದಲ್ಲಿ ಉಳಿಯುತ್ತದೆ, ಗಂಟೆಗೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು. ತೊಟ್ಟಿಯೊಳಗೇ ಮುಳುಗಿರುವ ಸಣ್ಣ ಫಿಲ್ಟರುಗಳಲ್ಲಿ ಸ್ಪಂಜನ್ನು ಪ್ಲಾಸ್ಟಿಕ್ ಕವಚದಿಂದ ಹೊರತೆಗೆದು ನೀರಿನಲ್ಲಿ ಬಿಡಬೇಕು. ಗಾಜಿನ ಅಂಚಿಗೆ ತೂಗುಹಾಕುವ ಫಿಲ್ಟರುಗಳಲ್ಲಿ ಇನ್ನೊಂದು ಅಪಾಯವಿದೆ: ತೊಟ್ಟಿಯ ನೀರಿನ ಮಟ್ಟ ತಗ್ಗಿದ್ದರೆ ಕೊಳವೆಯ ನೀರು ಹಿಂದಕ್ಕಿಳಿದು, ಕರೆಂಟ್ ಬಂದಾಗ ಮೋಟಾರು ನೀರಿಲ್ಲದೆ ತಿರುಗಿ ಸುಟ್ಟುಹೋಗಬಹುದು.

ಇವೆಲ್ಲಕ್ಕಿಂತ ಸುಲಭದ ದಾರಿಯೆಂದರೆ ಮೊದಲೇ ತೊಟ್ಟಿಯಲ್ಲಿ ಒಂದು ಸ್ಪಂಜ್ ಫಿಲ್ಟರ್ ಇಟ್ಟಿರುವುದು. ಬೇರೆ ಎಷ್ಟೇ ದೊಡ್ಡ ಫಿಲ್ಟರ್ ಇದ್ದರೂ ಮೂಲೆಯಲ್ಲಿ ಇದೊಂದು ಇರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಗಾಳಿಗುಳ್ಳೆಗಳ ಬಲದಿಂದಲೇ ಇದರಲ್ಲಿ ನೀರು ಹಾಯುವುದರಿಂದ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಏಕಕಾಲಕ್ಕೆ ಆಮ್ಲಜನಕ ಸಿಗುತ್ತದೆ, ನಡೆಸಲು ಎರಡರಿಂದ ಐದು ವಾಟ್‌ನ ಏರ್ ಪಂಪ್ ಸಾಕು. ಯುಎಸ್‌ಬಿ ತಂತಿಯಿಂದ ನಡೆಯುವ ಪುಟ್ಟ ಏರ್ ಪಂಪ್‌ಗಳು ಈಗ ಸಿಗುತ್ತವೆ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವಾಟ್-ಗಂಟೆಯ ಶಕ್ತಿ ಇರುವುದರಿಂದ, ಎರಡು ವಾಟ್‌ನ ಪಂಪನ್ನು ಅದು ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ನಡೆಸುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ಬಳಕೆಯನ್ನು ಕಂಡು, ಮೊಬೈಲ್ ಚಾರ್ಜ್ ಮುಗಿಯಿತೆಂಬಂತೆ ತಾವಾಗಿ ನಿಂತುಬಿಡುತ್ತವೆ. ಕರೆಂಟ್ ಇರುವಾಗಲೇ ಅರ್ಧ ಗಂಟೆ ಜೋಡಿಸಿ ಪರೀಕ್ಷಿಸಿ ನೋಡಿಕೊಳ್ಳಬೇಕು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟಿದ್ದರೆ, ಅದು ನಿಂತಾಗ ತೊಟ್ಟಿಯ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ತೋಯಿಸುತ್ತದೆ. ಕೆಲವೇ ರೂಪಾಯಿಗೆ ಸಿಗುವ ನಾನ್-ರಿಟರ್ನ್ ವಾಲ್ವ್ ಅದನ್ನು ತಡೆಯುತ್ತದೆ.

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಇನ್ವರ್ಟರ್ ಬಂದಿದೆ, ಆದರೂ ಅಕ್ವೇರಿಯಂ ಕತ್ತಲಲ್ಲಿಯೇ ಉಳಿಯುತ್ತದೆ. ವೈರಿಂಗ್ ಮಾಡುವಾಗ ದೀಪ ಮತ್ತು ಫ್ಯಾನಿನ ಪಾಯಿಂಟ್‌ಗಳನ್ನಷ್ಟೇ ಇನ್ವರ್ಟರ್ ಲೈನಿಗೆ ಸೇರಿಸಿ, ತೊಟ್ಟಿಯ ಪಕ್ಕದ ಸಾಕೆಟ್ಟನ್ನು ಬಿಟ್ಟಿರುತ್ತಾರೆ. ಹಳೆಯ ಸೀಲಿಂಗ್ ಫ್ಯಾನ್ ಒಂದು 75 ವಾಟ್ ಎಳೆಯುತ್ತದೆ. ಸಣ್ಣ ಫಿಲ್ಟರ್ ಎಳೆಯುವುದು ಹತ್ತು ವಾಟ್. ಒಬ್ಬ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸಬಹುದಾದ ಈ ಕೆಲಸವನ್ನು ಮಾಡಿಸಿಕೊಂಡರೆ ಮಳೆಗಾಲದ ಮುಕ್ಕಾಲು ಪಾಲು ಚಿಂತೆ ತಪ್ಪುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರುಗಳಲ್ಲಿ ಫಿಲ್ಟರಿನ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುವುದುಂಟು; ಅಂಥ ಮನೆಗಳಲ್ಲಿ ಮೋಟಾರನ್ನು ಬಿಟ್ಟು ಏರ್ ಪಂಪನ್ನು ಮಾತ್ರ ಆ ಲೈನಿಗೆ ಹಾಕುವುದು ಕ್ಷೇಮ.

ಇನ್ವರ್ಟರೂ ಇಲ್ಲ, ಪವರ್ ಬ್ಯಾಂಕೂ ಇಲ್ಲ ಎನ್ನುವವರು ಕೈಚೆಲ್ಲಿ ಕೂರಬೇಕಾಗಿಲ್ಲ. ತೊಟ್ಟಿಯ ಮುಚ್ಚಳ ತೆಗೆದಿಟ್ಟು, ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಹತ್ತು ಹದಿನೈದು ಸಲ ಸುರಿದರೆ ಮೇಲ್ಮೈ ಕದಡಿ ಗಾಳಿ ಬೆರೆಯುತ್ತದೆ. ಇದನ್ನು ಅರ್ಧ ಗಂಟೆಗೊಮ್ಮೆ ಮಾಡುವುದು ಮನೆಯ ಮಕ್ಕಳಿಗೂ ಸಾಧ್ಯ. ಫೈಟರ್, ಗೌರಾಮಿಯಂಥ ಮೀನುಗಳು ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳಬಲ್ಲವು. ಗೋಲ್ಡ್‌ಫಿಶ್‌ಗೆ, ಅದರಲ್ಲೂ ತೊಟ್ಟಿಯಲ್ಲಿ ಕಿಕ್ಕಿರಿದಿರುವ ದೊಡ್ಡ ಗೋಲ್ಡ್‌ಫಿಶ್‌ಗೆ, ಆ ಅನುಕೂಲವಿಲ್ಲ. ನಮ್ಮ ಪಶ್ಚಿಮ ಘಟ್ಟದ ಹರಿಯುವ ತೊರೆಗಳಿಂದ ಬಂದ ‘ಮಿಸ್ ಕೇರಳ’ ಮೀನು ಸಾಕುವವರಂತೂ ಮೊದಲ ಗಂಟೆಯಿಂದಲೇ ಎಚ್ಚರ ವಹಿಸಬೇಕು. ಗಿಡಗಳಿರುವ ತೊಟ್ಟಿ ಸುರಕ್ಷಿತವೆಂದು ಕೆಲವರು ನಂಬುತ್ತಾರೆ, ಆದರೆ ಬೆಳಕಿಲ್ಲದಾಗ ಗಿಡಗಳೂ ಆಮ್ಲಜನಕವನ್ನು ಬಳಸುತ್ತವೆ. ಆಹಾರವನ್ನಂತೂ ಹಾಕಲೇಬಾರದು. ಆರೋಗ್ಯವಾಗಿರುವ ದೊಡ್ಡ ಮೀನು ಕೆಲವು ದಿನ ಉಪವಾಸವಿದ್ದರೆ ಏನೂ ಆಗುವುದಿಲ್ಲ. ತಿಂದರೆ ಅಮೋನಿಯ ಹೆಚ್ಚುತ್ತದೆ, ಅದನ್ನು ಕರಗಿಸುವವರು ಆ ಹೊತ್ತಿನಲ್ಲಿ ಕೆಲಸದಲ್ಲಿರುವುದಿಲ್ಲ.

ಕರೆಂಟ್ ಬಂದ ಮೇಲಿನ ಹತ್ತು ನಿಮಿಷ ಎಲ್ಲಕ್ಕಿಂತ ಮುಖ್ಯವೆಂದು ನನಗನ್ನಿಸುತ್ತದೆ. ಹಲವು ಗಂಟೆ ನಿಂತಿದ್ದ ಕ್ಯಾನಿಸ್ಟರನ್ನು ಹಾಗೆಯೇ ಬಿಟ್ಟಿದ್ದರೆ, ಸ್ವಿಚ್ಚು ಹಾಕಿಯೇ ಇದ್ದುದರಿಂದ ಅದು ತಾನಾಗಿ ಶುರುವಾಗಿ ಒಳಗಿನ ವಿಷದ ನೀರನ್ನೆಲ್ಲ ಒಮ್ಮೆಲೇ ಮೀನುಗಳ ಮೇಲೆ ಕಾರುತ್ತದೆ. ಆದ್ದರಿಂದ ಕರೆಂಟ್ ಹೋದ ಕೂಡಲೇ ಕ್ಯಾನಿಸ್ಟರಿನ ಪ್ಲಗ್ ಕಿತ್ತಿಡಬೇಕು, ಕರೆಂಟ್ ಬಂದ ಮೇಲೆ ಒಳಗಿನ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ಜಾಲಿಸಿ, ಮತ್ತೆ ಜೋಡಿಸಿ ಚಾಲೂ ಮಾಡಬೇಕು. ಇಲ್ಲಿಯೇ ಒಳ್ಳೆಯ ಮನಸ್ಸಿನಿಂದ ದೊಡ್ಡ ಹಾನಿ ನಡೆಯುತ್ತದೆ. ವಾಸನೆ ಕಂಡವರು ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿ ತೊಳೆಯುತ್ತಾರೆ. ನಗರಸಭೆಯ ನೀರಿನಲ್ಲಿ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾಗಳನ್ನು ಕೊಲ್ಲಲೆಂದು, ಕತ್ತಲೆಯ ರಾತ್ರಿಯಿಡೀ ಬದುಕಿ ಉಳಿದಿದ್ದವು ಆ ತೊಳೆತದಲ್ಲಿ ಹೋಗಬಹುದು. ನೀರು ಬದಲಿಸುವಾಗಲೂ ಅಂಗಡಿಗಳಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕದೆ ನಲ್ಲಿ ನೀರನ್ನು ನೇರವಾಗಿ ತುಂಬಬಾರದು. ಮೀನು ಮಂಕಾದುದನ್ನು ಕಂಡು ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧಿಯನ್ನು ತೊಟ್ಟಿಗೇ ಸುರಿಯುವುದು ಇನ್ನೊಂದು ರೂಢಿ. ಅದು ನಮ್ಮ ಬ್ಯಾಕ್ಟೀರಿಯಾಗಳಿಗೂ ಮಾರಕ. ಬೇಕೇಬೇಕೆಂದಾದರೆ ಮೀನನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ಅಲ್ಲಿ ಹಾಕಲಿ.

ನಂತರದ ಒಂದು ವಾರ ಆಹಾರವನ್ನು ಅರ್ಧಕ್ಕಿಳಿಸಿ, ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಿದರೆ ಬ್ಯಾಕ್ಟೀರಿಯಾಗಳಿಗೆ ಚೇತರಿಸಿಕೊಳ್ಳಲು ಬಿಡುವು ಸಿಗುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಅಳೆಯುವ ಕಿಟ್ ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಬಯಲುಸೀಮೆಯವರಿಗೆ ಹೆಚ್ಚು ಅಗತ್ಯ. ಕೋಲಾರ, ಚಿತ್ರದುರ್ಗದಂಥ ಕಡೆಗಳಲ್ಲಿ ಕೊಳವೆಬಾವಿಯ ಗಡಸು ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) ಸಾಮಾನ್ಯವಾಗಿ ಮೇಲಿನ ಮಟ್ಟದಲ್ಲಿರುತ್ತದೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದಲ್ಲಿರುವುದು ಶೇ 0.6ರಷ್ಟು ಮಾತ್ರ, ಪಿಎಚ್ 8 ಆದರೆ ಅದು ಶೇ 5 ದಾಟುತ್ತದೆ. ಒಂದೇ ಪ್ರಮಾಣದ ಅಮೋನಿಯವನ್ನು ಒಂದೂರಿನ ಮೀನು ತಾಳಿಕೊಂಡು ಮತ್ತೊಂದೂರಿನ ಮೀನು ಸಾಯುವುದರ ಗುಟ್ಟು ಇಲ್ಲಿದೆ. ನೈಟ್ರೈಟ್ ಏರಿದಾಗ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಅಯೋಡಿನ್ ಬೆರೆಸದ ಕಲ್ಲುಪ್ಪನ್ನು ಕರಗಿಸಿ ಹಾಕಿದರೆ, ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟ್ ಕಿವಿರಿನ ಮೂಲಕ ಒಳಸೇರುವುದನ್ನು ತಡೆಯುತ್ತದೆ. ಎಳೆಯ ಗಿಡಗಳೂ ಕೆಲವು ಜಾತಿಯ ಕ್ಯಾಟ್‌ಫಿಶ್‌ಗಳೂ ಇರುವ ತೊಟ್ಟಿಯಲ್ಲಿ ಇನ್ನೂ ಕಡಿಮೆ ಹಾಕಬೇಕು.

ಮಳೆ ಗಾಳಿಯ ಹಂಗಿಲ್ಲದೆ ನಾವೇ ದಿನವೂ ಮಾಡಿಕೊಳ್ಳುವ ವಿದ್ಯುತ್ ವ್ಯತ್ಯಯವೊಂದಿದೆ, ಅದನ್ನು ಹೇಳದೆ ಇರಲಾರೆ. ಶಬ್ದಕ್ಕೆ ನಿದ್ದೆ ಬರುವುದಿಲ್ಲವೆಂದೋ, ಬಿಲ್ಲು ಏರಿ ಗೃಹಜ್ಯೋತಿಯ ಮಿತಿ ಮೀರೀತೆಂದೋ ರಾತ್ರಿ ಮಲಗುವಾಗ ಫಿಲ್ಟರ್ ಆರಿಸುವ ಮನೆಗಳು ಲೆಕ್ಕವಿಲ್ಲದಷ್ಟಿವೆ. ಹತ್ತು ವಾಟ್‌ನ ಫಿಲ್ಟರ್ ತಿಂಗಳಿಡೀ ಹಗಲಿರುಳು ನಡೆದರೂ ಆಗುವ ಖರ್ಚು 7.2 ಯೂನಿಟ್. ರಾತ್ರಿ ಆರಿಸಿದ್ದರಿಂದ ಉಳಿಯುವುದು ಎರಡೋ ಮೂರೋ ಯೂನಿಟ್. ಅಷ್ಟಕ್ಕಾಗಿ ಫಿಲ್ಟರಿನ ಬ್ಯಾಕ್ಟೀರಿಯಾಗಳು ಪ್ರತಿ ರಾತ್ರಿ ಉಸಿರುಗಟ್ಟಿ, ಪ್ರತಿ ಬೆಳಿಗ್ಗೆ ಹಳಸಿದ ನೀರು ತೊಟ್ಟಿಗೆ ಸೇರುತ್ತದೆ. ‘ಎಷ್ಟು ಸಲ ತಂದರೂ ನಮ್ಮ ಮನೆಯಲ್ಲಿ ಮೀನು ನಿಲ್ಲುವುದಿಲ್ಲ’ ಎಂದು ಹೇಳುವವರನ್ನು ವಿಚಾರಿಸಿದಾಗಲೆಲ್ಲ ಈ ರೂಢಿ ಹೊರಬರುವುದನ್ನು ಕಂಡಿದ್ದೇನೆ.

ಇದು ಹವ್ಯಾಸಿಗಳ ಮನೆಗೆ ಮಾತ್ರ ಸೀಮಿತವಾದ ವಿಷಯವಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಲಂಕಾರಿಕ ಮೀನು ಸಾಕಣೆಗೂ, ನೀರನ್ನು ಮರುಬಳಸುವ ತೊಟ್ಟಿಗಳಿಗೂ, ತೊಟ್ಟಿಯ ನೀರಿನಲ್ಲೇ ಬ್ಯಾಕ್ಟೀರಿಯಾ ಬೆಳೆಸಿ ಮೀನು ಸಾಕುವ ಬಯೋಫ್ಲಾಕ್ ಘಟಕಗಳಿಗೂ ಸಹಾಯಧನ ನೀಡಲಾಗಿದೆ. ಅಲ್ಲಿಯೂ ನೀರನ್ನು ಕಾಯುವುದು ಬ್ಯಾಕ್ಟೀರಿಯಾಗಳೇ. ಮೀನಿನ ದಟ್ಟಣೆ ಹೆಚ್ಚಿರುವುದರಿಂದ ಅಲ್ಲಿ ಅಪಾಯ ಗಂಟೆಯೊಳಗೇ ಎದುರಾಗುತ್ತದೆ. ಇಂಥ ಘಟಕ ತೆರೆಯುವವರಿಗೆ ತರಬೇತಿ ನೀಡುವಾಗ ಪರ್ಯಾಯ ವಿದ್ಯುತ್ತಿನ ಪಾಠಕ್ಕೆ ಮೇವಿನ ಪಾಠದಷ್ಟೇ ಸಮಯ ಮೀಸಲಿಡಬೇಕೆಂದು ಮೀನುಗಾರಿಕೆ ಇಲಾಖೆಯನ್ನು ಕೋರುತ್ತೇನೆ. ಅಕ್ವೇರಿಯಂ ಅಂಗಡಿಗಳವರು ತೊಟ್ಟಿ ಮಾರುವಾಗ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡಗಳ ಜೊತೆಗೆ ಒಂದು ಸ್ಪಂಜ್ ಫಿಲ್ಟರನ್ನೂ ಬ್ಯಾಟರಿಯ ಏರ್ ಪಂಪನ್ನೂ ತೋರಿಸಿ, ಕರೆಂಟ್ ಹೋದಾಗ ಏನು ಮಾಡಬೇಕೆಂದು ಎರಡು ಮಾತು ಹೇಳಿ ಕಳುಹಿಸಿದರೆ ಗ್ರಾಹಕರೂ ಉಳಿಯುತ್ತಾರೆ, ಮೀನೂ ಉಳಿಯುತ್ತದೆ.

ತಮ್ಮಲ್ಲಿ ನನ್ನದೊಂದು ವಿನಂತಿ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಈಗ ಬಹುತೇಕ ಅದೇ ದಿನದ ಸಂಚಿಕೆಯಲ್ಲಿ ಬರುತ್ತಿದೆ. ಪತ್ರಿಕೆ ಕೈಸೇರಿ ಓದುವಷ್ಟರಲ್ಲಿ ಕೆಲವು ಹಳ್ಳಿಗಳಲ್ಲಿ ಕರೆಂಟ್ ಹೋಗಿರುತ್ತದೆ. ವಿದ್ಯುತ್ ಸರಬರಾಜು ಕಂಪನಿಯವರು ನಿರ್ವಹಣೆಯ ವೇಳಾಪಟ್ಟಿಯನ್ನು ಎರಡು ದಿನ ಮುಂಚಿತವಾಗಿ ಪತ್ರಿಕೆಗಳಿಗೆ ತಲುಪಿಸುವಂತೆಯೂ, ತಾವು ಅದನ್ನು ಹಿಂದಿನ ದಿನದ ಸಂಚಿಕೆಯಲ್ಲಿ ಪ್ರಕಟಿಸುವಂತೆಯೂ ಆದರೆ, ಪವರ್ ಬ್ಯಾಂಕ್ ಚಾರ್ಜ್ ಮಾಡಿಟ್ಟುಕೊಳ್ಳಲು, ಬೆಳಗಿನ ಆಹಾರ ತಪ್ಪಿಸಲು, ಕೆಲಸಕ್ಕೆ ಹೊರಡುವ ಮುನ್ನ ಕ್ಯಾನಿಸ್ಟರಿನ ಸ್ಪಂಜನ್ನು ಹೊರತೆಗೆದು ತೊಟ್ಟಿಯಲ್ಲಿ ಇಳಿಬಿಡಲು ನಮ್ಮಂಥವರಿಗೆ ಒಂದು ರಾತ್ರಿಯ ಕಾಲಾವಕಾಶ ಸಿಗುತ್ತದೆ.

ಇತಿ,
ಅಲಂಕಾರಿಕ ಮೀನು ಸಾಕಣೆಯ ಹವ್ಯಾಸಿ,
ಸಾಗರ, ಶಿವಮೊಗ್ಗ ಜಿಲ್ಲೆ